ಬೋಟಿನ ಹಿಂಬದಿಗೆ ಮರಳು ಚೀಲ

ನವೆಂಬರ್ 8, ಶನಿವಾರ. ದೇಶನೂರು.

ಸಾಹುಕಾರ ದೊಡ್ಡಬಸವರಾಜನ ತಲೆಯಲ್ಲಿ ಬರೀ ಟ್ರ್ಯಾಕ್ಟರೇ ತುಂಬಿದೆ. ಟ್ರ್ಯಾಕ್ಟರಿನ ಹಿಂದೆ ಭಾರವಿದ್ದರೆ ಹಿಡಿತ ಬರುತ್ತದಂತೆ, ಅದಕ್ಕೆ ಹೊಸ ಸ್ಪೀಡ್ ಬೋಟಿನ ಹಿಂಬದಿಗೂ ನಾಲ್ಕು ಮರಳು ಚೀಲ ಹಾಕಿಸಿದ. ಇವತ್ತು ಹೊಳೆಯಲ್ಲಿ ಅದನ್ನು ಓಡಿಸುತ್ತಿದ್ದ ನಾನು ವೇಗ ಕೊಟ್ಟ ಕೂಡಲೇ ಬೋಟಿನ ಮೂತಿ ಮೇಲೆದ್ದು, ದೊಪ್ಪನೆ ಬಿದ್ದು, ಮತ್ತೆ ಎದ್ದು ಕಪ್ಪೆಯ ಹಾಗೆ ಕುಪ್ಪಳಿಸಿತು. ನಾನು ವೇಗ ಇಳಿಸಿದೆ, ಸುಮ್ಮನಾಯಿತು. ಹಿಂದೆ ಕೂತಿದ್ದ ಸಾಹುಕಾರ ಕೂಗಿದ:

"ಲೇ ಜಂಬಣ್ಣ, ಎಮ್ಮಿ ಮೈ ತೊಳಿಯಾಕ ಬಂದೀಯೇನಲೇ? ರೇಸ್ ಕೊಡು!"

"ಚೀಲ ಮುಂದಕ್ಕ ಹಾಕೂನ್ರಿ ಸಾವ್ಕಾರ್ರ. ಹಿಂಗ ಓಡ್ಸಿದ್ರ ಮಗಚ್ತೈತ್ರಿ."

"ಐದನೇ ಕ್ಲಾಸಿಗೆ ಸಾಲಿ ಬಿಟ್ಟಾವ ನನಗ ಪಾಠ ಹೇಳ್ತಾನ!"

ಡಿಗ್ರಿ ಓದಿದವನಿಗೆ ಕಣ್ಣೆದುರು ಕುಣಿಯುವ ಬೋಟು ಕಾಣಲಿಲ್ಲ. ಅವನೊಬ್ಬನೇ ಮುಳುಗಿದರೆ ಹೊಳೆಗೇ ಹೇಸಿಗೆ, ನನಗೇನು. ಆದರೆ ನಾಳೆ ತನ್ನ ಮಗಳು ಗಂಗೋತ್ರಿಯನ್ನು ಕೂರಿಸಿಕೊಂಡು ತಾನೇ ಓಡಿಸುತ್ತಾನಂತೆ. ಆ ಹುಡುಗಿಗೆ ಈಜು ಬರುವುದಿಲ್ಲ.

ಬೆಳಿಗ್ಗೆ ಇಂಜಿನ್ ಕೆಟ್ಟಿದೆ ಎಂದು ಸುಳ್ಳು ಹೇಳುತ್ತೇನೆ. ನಿಜವಂತೂ ಅವನ ತಲೆಗೆ ಹತ್ತುವುದಿಲ್ಲ. ತಾನೇ ಕೀ ತಿರುಗಿಸಿ ನೋಡಿದರೆ? ನೋಡಲಿ, ಪ್ಲಗ್‌ಗಳನ್ನು ಬಿಚ್ಚಿಕೊಂಡು ಮನೆಗೆ ತಂದಿದ್ದೇನೆ, ಅವಿಲ್ಲದೆ ಇಂಜಿನ್ ಚಾಲೂ ಆಗುವುದಿಲ್ಲ. ಬಿಚ್ಚುವಾಗ ಯಾರಾದರೂ ನೋಡಿದರೋ ಏನೋ...