ಚೆಂಡು ಇವತ್ತು ಯಾರ ಮನೆಗೆ

ಜುಲೈ 7, ಸೋಮವಾರ

ಚೆಂಡಿಗೆ ಗಾಳಿ ತುಂಬಿ ತುಂಬಿ ತೋಳು ಬಿದ್ದೇಹೋಯಿತು. ಶಾಲೆಗಿರುವುದೇ ಒಂದು ಫುಟ್‌ಬಾಲ್. ಪ್ರತಿ ಸಂಜೆ ಅದು ಒಬ್ಬ ಹುಡುಗಿಯ ಮನೆಗೆ ಹೋಗುತ್ತದೆ. ಮರುದಿನ ಮೊದಲ ಬೆಲ್‌ಗೆ ಅವಳೇ ತರಬೇಕು. ಸರದಿ ಎನ್ನುತ್ತೇನೆ. ಸರದಿಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ — ಯಾರು ಶಾಲೆ ಬಿಡುವ ಹಾಗೆ ಕಾಣುತ್ತಾಳೋ ಅವಳ ಕೈಗೇ ಕೊಡುವುದು. ಚೆಂಡಿಗಾಗಿ ಟೀಮೆಲ್ಲ ಕಾಯುತ್ತಿರುವಾಗ ಬಾರದೆ ಇರುತ್ತಾಳೆಯೇ? ಈ ಗುಟ್ಟು ನನಗೊಬ್ಬಳಿಗೇ ಗೊತ್ತು. ಪಿ.ಟಿ. ಟೀಚರಿಗೆ ಬುದ್ಧಿ ಮೊಣಕಾಲಲ್ಲಿ ಎನ್ನುವವರು ಎನ್ನಲಿ.

ಇವತ್ತು ಗೋಲ್‌ಕೀಪರ್‌ಗೆ ಕೊಟ್ಟೆ. ಎಲ್ಲರೂ ಅವಳನ್ನು ಗೋಡೆ ಎನ್ನುತ್ತಾರೆ. ಏಳನೇ ಕ್ಲಾಸು. ಅಮ್ಮ ಲಾಂಡ್ರಿ ಕೆಲಸಕ್ಕೆ ಸೇರಿದ್ದಾಳೆ, ಮನೆಯಲ್ಲಿ ಪುಟ್ಟ ತಮ್ಮ. ಲಕ್ಷಣ ಸರಿಯಿಲ್ಲ.

ಜುಲೈ 8, ಮಂಗಳವಾರ

ಚೆಂಡು ಬಂತು. ಗೋಡೆ ಬರಲಿಲ್ಲ. ಅವಳಮ್ಮ ಕೆಲಸಕ್ಕೆ ಹೋಗುತ್ತಾ ಗೇಟಿನಲ್ಲಿ ಕೊಟ್ಟಳು.

"ಶಾಲೆ ವಸ್ತು ತಲುಪಿಸಿದೀನಿ ಮೇಡಂ. ಅವಳು ಇನ್ನು ಬರಲ್ಲ. ಮಗು ನೋಡ್ಕೊಳ್ಳೋರು ಬೇಕಲ್ಲ."

ನಾನು ಚಾಪೆ ಕೆಳಗೆ ತೂರಿದರೆ ಆಕೆ ರಂಗೋಲಿ ಕೆಳಗೆ. ದಿನವಿಡೀ ಅವಳದೇ ಯೋಚನೆ. ಒಳ್ಳೆಯ ಕೀಪರ್ ಹೋದಳೆಂದಲ್ಲ, ಈ ವಯಸ್ಸಿಗೇ ಮನೆಯಲ್ಲಿ ಕೂತುಬಿಡುತ್ತಾಳಲ್ಲ ಎಂದು.

ಸಂಜೆ ಹುಡುಗಿಯರು ಚೆಂಡು ಎತ್ತಿಕೊಂಡು ಹೊರಟರು.

"ಎಲ್ಲಿಗ್ರೇ?"

"ಗೋಡೆ ಮನೆಗೆ ಮಿಸ್. ಅವಳೇ ತರಬೇಕು ಅಂತ ರೂಲ್ ಅಲ್ವಾ?"

ಜುಲೈ 11, ಶುಕ್ರವಾರ

ದಿನಾ ಇದೇ. ಬೆಳಿಗ್ಗೆ ಅಮ್ಮ ತರುವುದು, ಸಂಜೆ ಇವರು ಒಯ್ಯುವುದು. ಇವತ್ತು ಆಕೆಗೆ ರೇಗಿತು.

"ನನ್ನ ಮನೆಯೇನು ಗೋಡೌನಾ ಮೇಡಂ? ರಾತ್ರಿ ಅದನ್ನೇ ತಬ್ಕೊಂಡು ಮಲಗ್ತಾಳೆ. ಬೆಳಿಗ್ಗೆ ಕಿತ್ಕೊಂಡು ಬರೋ ಹೊತ್ತಿಗೆ ನನ್ ಜೀವ ಹೋಗತ್ತೆ."

ಆಕೆ ಚೆಂಡನ್ನು ನನ್ನ ಕೈಗೆ ತುರುಕಿದಳು.

"ಮಗೂನೂ ಎತ್ಕೊಂಡೇ ಬರ್ಲಿ ಬಿಡಮ್ಮ," ಎಂದುಬಿಟ್ಟೆ. ಹೆಡ್ ಮೇಡಂ ಅವರನ್ನು ಕೇಳದೆ.

ಜುಲೈ 14, ಸೋಮವಾರ

ಗೋಡೆ ಬಂದಳು. ಒಂದು ಕಂಕುಳಲ್ಲಿ ಚೆಂಡು, ಇನ್ನೊಂದರಲ್ಲಿ ತಮ್ಮ.

"ಏನ್ರೀ ಇದು, ಶಾಲೆಯೋ ತೊಟ್ಟಿಲೋ?" ಹೆಡ್ ಮೇಡಂ ಕೆಂಡವಾದರು. ಇವತ್ತೊಂದು ದಿನ ಮಾತ್ರ ಎಂದು ಮಗುವನ್ನು ಆಫೀಸಿನಲ್ಲಿ ಕೂರಿಸಿಕೊಂಡರು. ಮಧ್ಯಾಹ್ನ ಇಣುಕಿದರೆ ಆ ಪುಣ್ಯಾತ್ಮ ಅವರ ಕುರ್ಚಿಯಲ್ಲೇ ನಿದ್ದೆ. ಅವರು ನಿಂತುಕೊಂಡು ಫೈಲ್ ನೋಡುತ್ತಿದ್ದಾರೆ. ಸದ್ದು ಮಾಡಬೇಡಿ ಎಂದು ನನ್ನನ್ನೇ ಗದರಿದರು.

ಆಗಸ್ಟ್ 4, ಸೋಮವಾರ

ಬರೆಯಲು ಪುರುಸೊತ್ತೇ ಆಗಿಲ್ಲ. ಹೆಡ್ ಮೇಡಂ ಅವರ "ಒಂದು ದಿನ" ಮೊನ್ನೆ ಮುಗಿಯಿತು. ಗೋಡೆಯ ಅಮ್ಮನಿಗೆ ಸಂಜೆ ಶಿಫ್ಟ್ ಸಿಕ್ಕಿದೆ. ಹಗಲು ಮಗು ಮನೆಯಲ್ಲಿ ಅಮ್ಮನ ಜೊತೆ, ಸಂಜೆ ನಮ್ಮ ಗೋಲ್ ಹಿಂದೆ. ಹೆಡ್ ಮೇಡಂ ಮುಖ ಸಣ್ಣದಾಗಿದೆ, ಪಾಪ.

ಸಂಜೆ ಅಭ್ಯಾಸದಿಂದಲೋ ಏನೋ ಚೆಂಡನ್ನು ಗೋಡೆಗೇ ಚಾಚಿದೆ. ಅವಳು ಕೈ ಹಿಂದೆ ಕಟ್ಟಿಕೊಂಡಳು.

"ನಂಗ್ಯಾಕೆ ಮಿಸ್? ನಾನು ಹೇಗೂ ಬರ್ತೀನಿ. ಮೂಲೆ ಬೆಂಚಿನವಳಿಗೆ ಕೊಡಿ. ಶನಿವಾರದಿಂದ ಮಾತೇ ಆಡ್ತಿಲ್ಲ ಅವಳು."

"ಸರದಿ ಪ್ರಕಾರ..." ಎಂದು ತೊದಲಿದೆ.

"ಯಾರಿಗೆ ಕೊಡ್ತೀರಿ ಅಂತ ನಮಗೆಲ್ಲ ಗೊತ್ತು ಮಿಸ್. ಮೊದಲಿಂದ್ಲೂ."

ನನ್ನ ಮಹಾ ಗುಟ್ಟು! ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಆಗಸ್ಟ್ 5, ಬೆಳಿಗ್ಗೆ

ಗೇಟಿನಲ್ಲಿ ನಿಂತೇ ಬರೆಯುತ್ತಿದ್ದೇನೆ. ಪಕ್ಕದಲ್ಲಿ ಗೋಡೆ. ಬೆಲ್ ಹೊಡೆಯುವ ಆಯಾ ಕೈ ಎತ್ತಿಕೊಂಡು ನಮ್ಮನ್ನೇ ನೋಡುತ್ತಿದ್ದಾಳೆ. ಮೂಲೆ ಬೆಂಚಿನವಳ ಸುಳಿವಿಲ್ಲ... ಇಗೋ, ಕಾಂಪೌಂಡಿನ ಮೇಲಿಂದ ಚೆಂಡು ಮಾತ್ರ ಕಾಣುತ್ತಿದೆ, ಯಾರೋ ತಲೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದಾರೆ. ಅವಳೋ, ಅವಳ ಮನೆಯವರೋ — ಗೋಡೆ ಓಡಿದಳು. ತಿರುವಿನಿಂದಲೇ ಕೂಗುತ್ತಿದ್ದಾಳೆ, "ಅವಳೇ ಮಿಸ್, ಅವಳೇ!"