ಚಿನ್ನಿಗೆ ದೇವದೂತನ ಪಾತ್ರ

ಚಿನ್ನಿಯ ಅಮ್ಮನಿಗೆ,

ನೀನು ಓದಲಾರೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಈ ಮಾತನ್ನು ಇನ್ಯಾರಿಗೆ ಹೇಳಲಿ? ನಾಳೆ ಕ್ರಿಸ್‌ಮಸ್. ನೀನು ತೀರಿಕೊಂಡ ಮೇಲೆ ಬರುತ್ತಿರುವ ಮೊದಲನೆಯದು. ಚರ್ಚಿನ ಮಕ್ಕಳ ನಾಟಕದಲ್ಲಿ ನಮ್ಮ ಮಗಳಿಗೆ ದೇವದೂತನ ಪಾತ್ರ ಕೊಟ್ಟಿದ್ದಾರೆ. ಇವತ್ತು ಮಧ್ಯಾಹ್ನ ಚರ್ಚಿನಲ್ಲಿ ಮಕ್ಕಳ ಕೊನೆಯ ಅಭ್ಯಾಸ ನಡೆಯುತ್ತಿದ್ದಾಗ ನಾನು ಏಣಿ ಹತ್ತಿ ಬಲ್ಬಿನ ಸರ ಕಟ್ಟುತ್ತಿದ್ದೆ. ಯೇಸು ಹುಟ್ಟಿದ ಸಂತೋಷದ ಸುದ್ದಿಯನ್ನು ದೇವದೂತ ಹೇಳುವ ಸಾಲು ಬಂದದ್ದೇ ತಡ, ಚಿನ್ನಿ ಅತ್ತುಬಿಟ್ಟಳು.

ಮಕ್ಕಳಿಗೆ ನಾಟಕ ಕಲಿಸುವ ಟೀಚರ್ ಅವಳನ್ನು ತಬ್ಬಿಕೊಂಡು, "ಹಬ್ಬದ ಹೊತ್ತಲ್ಲಿ ಅಳ್ತಾರಾ ಪುಟ್ಟಿ? ಅಮ್ಮ ಯೇಸಪ್ಪನ ಹತ್ರ ತುಂಬಾ ಖುಷಿಯಾಗಿದ್ದಾಳೆ" ಎಂದರು.

"ನಾನು ಇಲ್ದಿದ್ರೂ ಖುಷಿಯಾಗಿದ್ದಾಳಾ?" ಎಂದು ಚಿನ್ನಿ ಕೇಳಿದಳು.

ಟೀಚರ್ ನನ್ನತ್ತ ನೋಡಿದರು. ನಾನು ಆಗಲೇ ಬಿಗಿದಿದ್ದ ಗಂಟನ್ನೇ ಮತ್ತೆ ಬಿಗಿಯುತ್ತ ಏಣಿಯ ಮೇಲೆಯೇ ನಿಂತೆ.

ಮನೆಗೆ ಬರುವ ದಾರಿಯಲ್ಲಿ ಅವಳ ಕೈ ಹಿಡಿದು, "ಅಮ್ಮನಿಗೆ ನಿನ್ನ ನೆನಪು ಇದ್ದೇ ಇರುತ್ತೆ ಕಣೇ" ಎಂದೆ.

"ಹಾಗಾದ್ರೆ ಅಲ್ಲಿ ಅವಳೂ ಅಳ್ತಿರ್ತಾಳಾ?"

ಪ್ರಾರ್ಥನೆ ಮಾಡೋಣ ಎಂದೆ. ಶುರು ಮಾಡುವಷ್ಟರಲ್ಲೇ ನನ್ನ ಕಣ್ಣು ತುಂಬಿ ಬಂತು. ಅವಳು ನನ್ನ ಮುಖವನ್ನೇ ನೋಡುತ್ತ ತೋಳಿನಿಂದ ತನ್ನ ಕಣ್ಣೊರೆಸಿಕೊಂಡಳು.

"ಆಯ್ತು ಬಿಡಪ್ಪ. ನಾಳೆ ಅಳಲ್ಲ, ಎಲ್ಲರ ಮುಂದೆ ನಗ್ತೀನಿ. ನೀನು ಬೇಜಾರು ಮಾಡ್ಕೋಬೇಡ."

ಈಗ ಕನ್ನಡಿಯ ಮುಂದೆ ನಿಂತು ನಗುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ. ಚೆನ್ನಾಗಿಯೇ ಬರುತ್ತಿದೆ.