ಹೊತ್ತು ಮುಳುಗಿದ ಮೇಲಿನ ತಾಟು

ಗೋಕಾಕ
೧೪ ನವೆಂಬರ್ ೨೦೦೨

ಪ್ರೀತಿಯ ತಂಗಿ ಆರತಿಗೆ ಜಯಜಿನೇಂದ್ರ.

ದೀಪಾವಳಿಗೇ ಬರೆಯಬೇಕಿತ್ತು, ಬೈಯಬೇಡ. ಈ ಕಾಗದವನ್ನು ಅಂಚೆಗೆ ಹಾಕಿಲ್ಲ. ಬಳೆಗಾರ್ತಿ ಕಾಶೆವ್ವ ನಿಮ್ಮ ಬೆಲ್ಲದ ಬಾಗೇವಾಡಿಗೆ ಹೊರಟಿದ್ದಾಳೆ, ನಿನ್ನ ಕೈಗೇ ಕೊಡುತ್ತಾಳೆ. ಜೊತೆಗೆ ಕರದಂಟು ಇದೆ. ನಿನ್ನ ಅತ್ತೆಯ ಕಪಾಟು ಸೇರುವ ಮೊದಲು ತಿಂದುಬಿಡು.

ನಮ್ಮ ನೊಂದವರ ಸಹಾಯವಾಣಿಯದು ಈಗ ದೊಡ್ಡ ರಗಳೆ. ಪತ್ರಿಕೆಯವರಿಗೆ ಉತ್ತರ ಹೇಳುವ ಕೆಲಸ ನನಗೆ ಅಂಟಿಸಿದ್ದಾರೆ. "ನಿನ್ನ ಬಾಯಿ ಜೋರ ಐತಿ" ಎಂಬುದೇ ನನ್ನ ಅರ್ಹತೆ. ಹೋದ ವಾರ ವರದಿಗಾರ ಅಣ್ಣಾಸಾಹೇಬ ಬಂದು ಕೂತಿದ್ದಾಗಲೇ ಒಂದು ಕರೆ ಬಂತು. ಜೊತೆಗೆ ಕೆಲಸ ಮಾಡುವ ಭರಮವ್ವ ಎತ್ತಿದಳು. ನಿಮ್ಮ ಹುಕ್ಕೇರಿ ಕಡೆಯ ಹೆಣ್ಣುಮಗಳು, ಹೆಸರು ಹೇಳಲಿಲ್ಲ. ಹೊತ್ತು ಮುಳುಗಿದ ಮೇಲೆ ಉಣ್ಣದ ನೇಮ ಅವಳದು. ಗಂಡನ ಮನೆಯವರು ತಾವೆಲ್ಲ ಬೆಳಕಿದ್ದಾಗಲೇ ಉಂಡು, ಇವಳಿಗೆ ಕೆಲಸ ಹಚ್ಚಿ, ದೀಪ ಹಚ್ಚಿದ ಮೇಲೆ ತಾಟು ಮುಂದಿಡುತ್ತಾರಂತೆ. "ಉಣ್ಣಬ್ಯಾಡ ಅಂತ ನಾವು ಅಂದೇವೇನು?" ಅಂತಾರಂತೆ. ಮುಂಜಾನೆಯ ಒಂದು ರೊಟ್ಟಿಯ ಮೇಲೆ ದಿನ ದೂಡುತ್ತಾಳೆ. ಭರಮವ್ವ ಎಲ್ಲವನ್ನೂ ಗಟ್ಟಿಯಾಗಿ ತಿರುಗಿ ಕೇಳಿದ್ದರಿಂದ ಅವನ ಕಿವಿಗೂ ಬಿತ್ತು.

ಅಂದಿನಿಂದ ದಿನಾ ಅವನ ಫೋನು.

"ಅಕ್ಕಾರ, ಊರ ಹೆಸರಷ್ಟ ಹೇಳ್ರಿ."

"ಹೇಳಾಂಗಿಲ್ರಿ."

"ಹಂಗಾರ ತಾಟಿನ ಸುದ್ದಿಯಷ್ಟ ಬರೀತೇನಿ. ಹೊಡದಿಲ್ಲ, ಬಡದಿಲ್ಲ. ಊಟ ತಡಾ ಮಾಡೂದು ಅಪರಾಧ ಏನ್ರಿ ಅಂತ ಜನರನ್ನ ಕೇಳೂಣು."

ಮೈಯೆಲ್ಲ ಉರಿಯಿತು ನನಗೆ. ಆ ತಾಟಿನ ಮಾತು ಅಚ್ಚಾದರೆ ಅದು ನಮ್ಮ ಜೈನ ಮಂದಿಯ ಮನೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಹುಕ್ಕೇರಿ ಕಡೆಯ ಅತ್ತೆಯರೆಲ್ಲ ಸೊಸೆಯ ಮುಖ ನೋಡುತ್ತಾರೆ, ಅವಳು ಸಿಕ್ಕಿಬೀಳುತ್ತಾಳೆ.

"ಅಣ್ಣಾಸಾಹೇಬ್ರ, ನಿಮ್ಮ ಸುದ್ದಿ ಮುಂಜಾನಿ ಚಾ ಕುಡಿಯೂತನಕ. ಆಕಿ ಅದ ಮನ್ಯಾಗ ಸಂಜಿಗೂ ಇರಬೇಕ್ರಿ" ಅಂದೆ.

ರವಿವಾರದವರೆಗೆ ತಡೆಯುತ್ತಾನಂತೆ, ಆಮೇಲೆ ಬರೆದೇ ಬರೆಯುತ್ತಾನಂತೆ. ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಫೋನು ಬಾರಿಸಿದರೆ ಭಯ. ಬಾರಿಸದಿದ್ದರೆ ಇನ್ನೂ ಭಯ.

ಅವ್ವ ಅರಾಮ ಇದ್ದಾಳೆ. ನೀನು ಬಿಟ್ಟುಹೋದ ಸೀರೆಗಳಿಗೆ ಬಿಸಿಲು ತೋರಿಸಿ ಮಡಿಸಿಟ್ಟಳು. ಭಗವಂತ ನಿನ್ನನ್ನು ಕಾಯಲಿ.

ನಿನ್ನ
ತ್ರಿಶಲಕ್ಕ

ತಾ.ಕ.: ಆ ದಿನ ಭರಮವ್ವನ ಕೈಯಿಂದ ಫೋನು ಇಸಿದುಕೊಂಡು ನಾನು "ಹಲೋ, ಹೇಳವಾ" ಅಂದೆ. ಆ ಕಡೆ "ಅಕ್ಕಾ" ಅಂತ ಕೇಳಿಸಿತು, ಇಟ್ಟುಬಿಟ್ಟೆ ನೀನು. ಭರಮವ್ವನಿಗೆ ಹೇಳಿದ್ದನ್ನು ನನಗೆ ಹೇಳಲಾಗಲಿಲ್ಲವೇ ಆರತಿ? ಶನಿವಾರ ನಾನೂ ನಿನ್ನ ಭಾವನೂ ಜೀಪು ತರುತ್ತೇವೆ. ಅವ್ವನಿಗೆ ಹುಷಾರಿಲ್ಲ ಅನ್ನುತ್ತೇವೆ, ನೀನು ಅಳು, ಅಷ್ಟು ಸಾಕು. ಈ ಕಾಗದವನ್ನು ಒಲೆಗೆ ಹಾಕು. ಹೊತ್ತು ಇರುವಾಗಲೇ ಮನೆ ಮುಟ್ಟೋಣ, ಅವ್ವ ತಾಟು ಹಾಕಿಟ್ಟಿರುತ್ತಾಳೆ.